ಹಸಿದ ಮಿದುಳಿಗೆ ಬುದ್ಧಿಮಾತು ಹತ್ತುವುದಿಲ್ಲ

ಹೋದ ಸಂಚಿಕೆಯಲ್ಲಿ ಹದಿಹರೆಯದ ಮಕ್ಕಳ ಆಹಾರದ ಬಗ್ಗೆ ಬರೆಯುತ್ತ, ಬೇಕೆಂದೇ ಊಟ ಬಿಡುವ ಮಕ್ಕಳ ವಿಷಯವನ್ನು ಒಂದೆರಡು ಸಾಲಿನಲ್ಲಿ ಮುಟ್ಟಿದ್ದೆ. ಆ ಸಾಲುಗಳಿಗೇ ಬಂದ ಪತ್ರಗಳು ಮೇಜಿನ ಮೇಲೆ ರಾಶಿಯಾಗಿವೆ. ಬೆಂಗಳೂರಿನ ಓದುಗರದ್ದೇ ಹೆಚ್ಚು. ಹಲವರು ಹೆಸರು ಬರೆದಿಲ್ಲ, ಬರೆದವರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲಿಲ್ಲ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಬಿಟ್ಟುಕೊಡುತ್ತಿದ್ದೇನೆ. ನಾನು ಆಹಾರ ತಜ್ಞೆ. ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರ ಜೊತೆಗೂಡಿ ಇಂಥವರ ಚಿಕಿತ್ಸೆಯಲ್ಲಿ ತೊಡಗಿರುವವಳು. ಔಷಧದ ಮಾತು ಬಂದಲ್ಲೆಲ್ಲ ಆ ಸಹೋದ್ಯೋಗಿಗಳನ್ನು ಕೇಳಿಯೇ ಬರೆದಿದ್ದೇನೆ.

ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹೋದ ವರ್ಷ ಬೇಸಿಗೆ ರಜೆಯಲ್ಲಿ ಆರೋಗ್ಯ ನೋಡಿಕೊಳ್ಳುತ್ತೇನೆ ಎಂದು ಸಕ್ಕರೆ ಬಿಟ್ಟಳು. ಆಮೇಲೆ ಎಣ್ಣೆ, ಆಮೇಲೆ ಅನ್ನ. ಈಗ ಬೆಳಿಗ್ಗೆ ನೆನೆಸಿದ ಬಾದಾಮಿಯನ್ನು ಎಣಿಸಿಕೊಂಡು ತಿನ್ನುತ್ತಾಳೆ, ರಾತ್ರಿ ಸೌತೆಕಾಯಿ. ತಾನು ತಿನ್ನದಿದ್ದರೂ ಭಾನುವಾರ ತಾನೇ ನಿಂತು ನಮಗೆಲ್ಲ ಬಿಸಿಬೇಳೆ ಬಾತ್ ಮಾಡುತ್ತಾಳೆ, ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಪೀಡಿಸುತ್ತಾಳೆ. ಮೊಬೈಲಿನಲ್ಲಿ ಸದಾ ಅಡುಗೆಯ ವಿಡಿಯೊ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಕೂದಲು ಉದುರುತ್ತಿದೆ. ಬಿಸಿಲಿನಲ್ಲೂ ಸ್ವೆಟರ್ ಹಾಕುತ್ತಾಳೆ. ನಮ್ಮ ಅತ್ತೆಯವರು ದೃಷ್ಟಿ ತೆಗೆದರು. ವೈದ್ಯರೊಬ್ಬರು ಟಾನಿಕ್ ಬರೆದುಕೊಟ್ಟರು. ಪರೀಕ್ಷೆ ಮುಗಿದರೆ ಸರಿಹೋಗುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು. ಬೈದೆ, ಕಣ್ಣೀರು ಹಾಕಿದೆ, ಆಣೆ ಹಾಕಿಸಿದೆ. ಇದು ಹಟವೋ ಕಾಯಿಲೆಯೋ?
— ಒಬ್ಬ ತಾಯಿ, ವಿಜಯನಗರ

ಕಾಯಿಲೆ, ತಾಯಿ. ನೀವು ಬರೆದಿರುವುದೆಲ್ಲ ಅನೊರೆಕ್ಸಿಯಾ ನರ್ವೋಸಾದ ಲಕ್ಷಣಗಳಿಗೆ ಹೊಂದುತ್ತದೆ. ಅದನ್ನು ಖಚಿತಪಡಿಸಬೇಕಾದವರು ಮಗಳನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸುವ ವೈದ್ಯರು. ಆದರೆ ಪಿಯುಸಿ ಪರೀಕ್ಷೆ ಮುಗಿಯಲಿ ಎಂದು ಕಾಯುವ ಸ್ಥಿತಿ ಇದಲ್ಲ. ಈ ವಾರವೇ ತೋರಿಸಿ.

ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ ಇದು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಬಹುದು. ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದಕ್ಕೆ ಈ ಹೆಸರಿಟ್ಟಿದ್ದು 1870ರ ದಶಕದಲ್ಲಿ. ಮೊಬೈಲಿನ ವಿಡಿಯೊಗಳು ಇದಕ್ಕೆ ಗಾಳಿ ಹಾಕುತ್ತವೆ, ನಿಜ. ಆದರೆ ಮಗುವಿನ ಸ್ವಭಾವ, ವಂಶವಾಹಿ, ಕಳವಳ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಂಬಲ, ಡಯಟ್ ಎಂದು ಶುರು ಮಾಡಿದ ಮೊದಲ ಕೆಲವು ಕಿಲೊ ಇಳಿಕೆ, ಇವೆಲ್ಲ ಸೇರಿಕೊಂಡಾಗ ಕಾಯಿಲೆ ಕಾಲೂರುತ್ತದೆ. ನಿಮ್ಮ ಸಾಕುವಿಕೆಯಲ್ಲಿ ಎಲ್ಲಿ ತಪ್ಪಾಯಿತು ಎಂದು ಹುಡುಕುತ್ತ ರಾತ್ರಿ ನಿದ್ದೆಗೆಡಬೇಡಿ. ತಂದೆತಾಯಿಯೇ ಇದಕ್ಕೆ ಕಾರಣ ಎಂಬ ಮಾತನ್ನು ಈಗ ತಿಳಿದ ವೈದ್ಯರು ಆಡುವುದಿಲ್ಲ.

ಸಂಬಳ ನಿಂತ ಮನೆಯಲ್ಲಿ ಒಂದೊಂದೇ ಖರ್ಚಿಗೆ ಕತ್ತರಿ ಬೀಳುವಂತೆ, ಆಹಾರ ನಿಂತ ದೇಹವೂ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತ ಬರುತ್ತದೆ. ಮುಟ್ಟು ನಿಲ್ಲುತ್ತದೆ. ಕೂದಲು ಉದುರುತ್ತದೆ. ಮೈ ಬಿಸಿ ಹಿಡಿದಿಟ್ಟುಕೊಳ್ಳಲಾರದೆ ಕೈಕಾಲು ತಣ್ಣಗಾಗುತ್ತವೆ, ಕೆಲವರಿಗೆ ಬೆನ್ನು ಮತ್ತು ತೋಳಿನ ಮೇಲೆ ಎಳೆಮಗುವಿಗಿರುವಂಥ ನವಿರು ರೋಮ ಬೆಳೆಯುತ್ತದೆ. ಮಲಬದ್ಧತೆ, ಎದ್ದು ನಿಂತರೆ ಕಣ್ಣು ಕತ್ತಲೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಟೊಳ್ಳಾಗುತ್ತದೆ. ಹೃದಯವೂ ಸ್ನಾಯುವೇ ತಾನೇ, ಅದೂ ಸೊರಗಿ ಬಡಿತ ನಿಧಾನವಾಗುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಕೆಲವರು ದೇಹ ಸೋತು ಸಾಯುತ್ತಾರೆ, ಕೆಲವರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಟಾನಿಕ್ಕಿನಿಂದ ಹೋಗುವ ನಿಶ್ಶಕ್ತಿ ಇದಲ್ಲ ಎಂಬುದು ನಿಮ್ಮ ಯಜಮಾನರಿಗೆ ಮನದಟ್ಟಾಗಬೇಕು.

ತಾನು ತಿನ್ನದವಳು ಎಲ್ಲರಿಗೂ ಬಿಸಿಬೇಳೆ ಬಾತ್ ಬಡಿಸುವುದೇಕೆ ಎಂಬ ನಿಮ್ಮ ಗೊಂದಲಕ್ಕೆ ಉತ್ತರ ಬಹಳ ಹಿಂದೆ ನಡೆದ ಒಂದು ಪ್ರಯೋಗದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಯುದ್ಧಕ್ಕೆ ಹೋಗುವುದಿಲ್ಲವೆಂದು ನಿರಾಕರಿಸಿ, ಬರಗಾಲದಲ್ಲಿ ಬಳಲಿದವರಿಗೆ ಉಪಯೋಗವಾಗಲಿ ಎಂದು ತಾವಾಗಿ ಒಪ್ಪಿಕೊಂಡು ಬಂದ ಹುಡುಗರು ಅವರು. ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ತೂಕದ ಕಾಲು ಭಾಗದಷ್ಟು ಕಳೆದುಕೊಳ್ಳುವ ಹೊತ್ತಿಗೆ ಅವರ ತಲೆಯಲ್ಲಿ ಊಟವಲ್ಲದೆ ಬೇರೇನೂ ಉಳಿದಿರಲಿಲ್ಲ. ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತು ತುಣುಕು ತುಣುಕು ಮಾಡಿ ತಿಂದರು. ಸಿಡುಕು, ಮಂಕು, ಗೆಳೆಯರಿಂದ ದೂರ, ಓದಿದ್ದು ತಲೆಗೆ ಹತ್ತದು. ಮತ್ತೆ ಹೊಟ್ಟೆ ತುಂಬ ಊಟ ಕೊಟ್ಟ ಮೇಲೂ ಮನಸ್ಸು ಹದಕ್ಕೆ ಬರಲು ತಿಂಗಳುಗಳೇ ಹಿಡಿದವು.

ನಿಮ್ಮ ಮಗಳ ಅಡುಗೆಯ ವಿಡಿಯೊ, ಬಾದಾಮಿಯ ಎಣಿಕೆ, ಸಿಡುಕು, ಇವುಗಳಲ್ಲಿ ಬಹುಪಾಲು ಹಸಿವೇ ಮಾಡಿಸುತ್ತಿರುವುದು. ಊಟ ಬಿಡುವುದು ಕಾಯಿಲೆಯ ಫಲವೂ ಹೌದು, ಕಾಯಿಲೆಗೆ ಗೊಬ್ಬರವೂ ಹೌದು. ಆ ಸ್ಥಿತಿಯಲ್ಲಿರುವ ಮಿದುಳಿಗೆ ನೀವು ಹೇಳುವ ಬುದ್ಧಿಮಾತಾಗಲಿ, ನಮ್ಮ ಮನಶ್ಶಾಸ್ತ್ರಜ್ಞರ ಆಳವಾದ ಮಾತುಕತೆಯಾಗಲಿ ಹತ್ತುವುದಿಲ್ಲ. ಮೊದಲು ಊಟ, ಆಮೇಲೆ ಮಾತು. ನಾನು ಈ ಅಂಕಣದಲ್ಲಿ ಬೇರೆಬೇರೆ ಪತ್ರಗಳಿಗೆ ಬೇರೆಬೇರೆ ರೀತಿಯಲ್ಲಿ ಇದನ್ನೇ ಹೇಳಲಿದ್ದೇನೆ.

ಚಿಕಿತ್ಸೆ ಹೇಗಿರುತ್ತದೆ? ನಿಮ್ಮ ಮಗಳ ವಯಸ್ಸಿನವರಿಗೆ ಹೆಚ್ಚು ಫಲ ಕೊಟ್ಟಿರುವುದು ಕುಟುಂಬ ಆಧಾರಿತ ಚಿಕಿತ್ಸೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮ ಇದು. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು ಎಂಬ ಮೂರೂ ನಿರ್ಧಾರಗಳನ್ನು ಕೆಲವು ಕಾಲ ತಂದೆತಾಯಿ ವಹಿಸಿಕೊಳ್ಳುತ್ತಾರೆ. ತೂಕ ಸುಧಾರಿಸಿದಂತೆ ಆ ಹೊಣೆಯನ್ನು ಸ್ವಲ್ಪ ಸ್ವಲ್ಪವೇ ಮಗುವಿಗೆ ಮರಳಿಸುತ್ತಾರೆ. ಶುರುವಿನ ದಿನಗಳಲ್ಲೇ ಒಂದು ಊಟವನ್ನು ಇಡೀ ಕುಟುಂಬ ನಮ್ಮೆದುರು ಮಾಡುವುದು ವಾಡಿಕೆ. ಮನೆಯಿಂದ ಡಬ್ಬಿ ಕಟ್ಟಿಕೊಂಡು ಬರುತ್ತಾರೆ. ಚಪಾತಿ, ಹುರುಳಿಕಾಯಿ ಪಲ್ಯ, ಮೊಸರನ್ನ. ಹುಡುಗಿ ಚಪಾತಿಯನ್ನು ಉಗುರಿನಷ್ಟು ಚೂರು ಮಾಡುತ್ತಾಳೆ, ಪ್ರತಿ ಚೂರನ್ನೂ ಕಾಗದದ ಕರವಸ್ತ್ರಕ್ಕೆ ಒತ್ತಿ ಎಣ್ಣೆ ಇಳಿದಿದೆಯೇ ನೋಡುತ್ತಾಳೆ, ಅನ್ನವನ್ನು ತಟ್ಟೆಯ ಅಂಚಿಗೆ ಸವರಿ ಕರಿಬೇವಿನ ಎಲೆಯಡಿ ಅಡಗಿಸುತ್ತಾಳೆ. ತಾಯಿ ಕಣ್ಣೀರು ಒರೆಸಿಕೊಂಡು ‘ಹೋಗಲಿ ಬಿಡಿ, ಅಷ್ಟಾದರೂ ತಿಂದಳಲ್ಲ’ ಎನ್ನುತ್ತಾರೆ. ತಂದೆ ಫೋನ್ ಬಂತೆಂದು ಎದ್ದು ಹೊರಗೆ ಹೋಗುತ್ತಾರೆ. ಅಲ್ಲಿಂದಲೇ ನಮ್ಮ ಕೆಲಸ ಶುರು. ತಂದೆಯನ್ನು ಕರೆದು ಮಗಳ ಎಡಕ್ಕೆ ಕೂರಿಸುತ್ತೇವೆ, ತಾಯಿಯನ್ನು ಬಲಕ್ಕೆ. ಬೈಯುವಂತಿಲ್ಲ, ಲಂಚ ಕೊಡುವಂತಿಲ್ಲ, ಆ ಹೊತ್ತಿನಲ್ಲಿ ತೂಕದ ಮಾತು, ಕ್ಯಾಲೊರಿಯ ಮಾತು ಆಡುವಂತಿಲ್ಲ. ‘ನಿನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಗೊತ್ತು. ನಾವು ಇಲ್ಲೇ ಕೂತಿರುತ್ತೇವೆ. ಮುಂದಿನ ತುತ್ತು ತಿನ್ನು’ ಎಂದಷ್ಟೇ, ಅದೇ ದನಿಯಲ್ಲಿ, ಮತ್ತೆ ಮತ್ತೆ. ಮುಗಿದ ಮೇಲೆ ಒಂದು ಗಂಟೆ ಅವಳನ್ನು ಒಂಟಿಯಾಗಿ ಬಿಡದೆ ಕೇರಂ ಆಡುವುದೋ, ಕ್ರಿಕೆಟ್ ನೋಡುವುದೋ ಮಾಡಬೇಕು. ದಿನಕ್ಕೆ ಮೂರು ಊಟ, ಎರಡು ಮೂರು ಸಲ ತಿಂಡಿ, ಪ್ರತಿಯೊಂದಕ್ಕೂ ಇದೇ ಕ್ರಮ. ಶಾಲೆ ಕಾಲೇಜಿನ ಹಾಜರಾತಿಗಿಂತ ಇದು ಮುಖ್ಯ. ಬೆಂಗಳೂರಿನ ಈ ಓಡಾಟದಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದು ಎಷ್ಟು ಕಠಿಣ ಎಂದು ನನಗೆ ಗೊತ್ತಿದೆ. ರಜೆ ಹಾಕಿ, ಅಜ್ಜಿಯನ್ನು ಕರೆಸಿಕೊಳ್ಳಿ, ಪಾಳಿ ಹಾಕಿಕೊಳ್ಳಿ. ದೃಷ್ಟಿ ತೆಗೆದ ನಿಮ್ಮ ಅತ್ತೆಯವರು ಮೊಮ್ಮಗಳ ಪಕ್ಕ ಕೂತು ಊಟ ಮಾಡಿಸುವ ಪಾಳಿಯನ್ನೂ ಖಂಡಿತ ವಹಿಸಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಬಹಳ ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಲು ಹೋಗಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರಲ್ಲಿಗೆ ಹೋಗಿ. ಮಲಗಿದಾಗ ಮತ್ತು ಎದ್ದು ನಿಂತಾಗ ನಾಡಿ ಹಾಗೂ ರಕ್ತದೊತ್ತಡ, ಇಸಿಜಿ, ಈ ಲವಣಗಳ ಪ್ರಮಾಣ, ಸಕ್ಕರೆ, ಥೈರಾಯ್ಡ್, ಇಷ್ಟನ್ನು ನೋಡಿಸಿ. ರಕ್ತಪರೀಕ್ಷೆ ಸರಿಯಾಗಿಯೇ ಬಂದರೆ ನಿರಾಳರಾಗಬೇಡಿ. ತೀವ್ರ ಕಾಯಿಲೆಯಲ್ಲೂ ಅದು ಸರಿಯಾಗಿ ಬರುವುದುಂಟು. ಮೂರ್ಛೆ, ಎದೆನೋವು, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗೆ, ಪಾದ ಊತ, ನೀರೂ ಬೇಡವೆನ್ನುವುದು, ಸಾಯುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ.

ನನಗೆ 26 ವರ್ಷ. ಬಿಟಿಎಂ ಬಡಾವಣೆಯ ಪಿಜಿಯಲ್ಲಿದ್ದೇನೆ, ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ. ಹಗಲೆಲ್ಲ ಬರೀ ಕಾಫಿ. ರಾತ್ರಿ ಮೊಬೈಲಿನಲ್ಲಿ ಆಹಾರ ತರಿಸಿಕೊಂಡು, ಮೂರು ಜನ ತಿನ್ನುವಷ್ಟನ್ನು ಒಬ್ಬಳೇ, ನಿಲ್ಲಿಸಲಾಗದೆ ತಿನ್ನುತ್ತೇನೆ. ಆಮೇಲೆ ವಾಂತಿ ಮಾಡುತ್ತೇನೆ. ವಾರದಲ್ಲಿ ಹೆಚ್ಚುಕಡಿಮೆ ಎಲ್ಲ ರಾತ್ರಿಯೂ ಇದೇ. ನನ್ನ ತೂಕ ಸರಿಯಾಗಿದೆ, ಆದ್ದರಿಂದ ಯಾರಿಗೂ ಗೊತ್ತಿಲ್ಲ. ಹಲ್ಲು ಜುಮ್ಮೆನ್ನುತ್ತಿದೆ, ಕೆನ್ನೆ ಊದಿಕೊಂಡಂತಿದೆ. ನನ್ನ ಮೇಲೆ ನನಗೇ ಅಸಹ್ಯ.

ಈ ಪತ್ರ ಬರೆಯಲು ನಿಮಗೆ ಎಷ್ಟು ಧೈರ್ಯ ಬೇಕಾಯಿತೆಂದು ಬಲ್ಲೆ. ನಿಮಗಿರುವುದಕ್ಕೆ ಹೆಸರಿದೆ, ಬುಲಿಮಿಯಾ ನರ್ವೋಸಾ. ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು 1979ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ತೂಕ ನೋಡಿ ಇದನ್ನು ಕಂಡುಹಿಡಿಯಲಾಗದು. ಹೆಚ್ಚಿನವರ ತೂಕ ನಿಮ್ಮದರಂತೆ ಸರಿಯಾಗಿಯೇ ಇರುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಒಬ್ಬರೇ ಅನುಭವಿಸುತ್ತಾರೆ.

ಕೆನ್ನೆಯ ಊತ ಲಾಲಾಗ್ರಂಥಿಯದು. ಹಲ್ಲು ಜುಮ್ಮೆನ್ನುವುದು ಹೊಟ್ಟೆಯ ಆಮ್ಲ ಎನಾಮಲ್ ಸವೆಸಿರುವುದರಿಂದ. ವಾಂತಿಯಾದ ತಕ್ಷಣ ಹಲ್ಲುಜ್ಜಿದರೆ ಮೆತ್ತಗಾದ ಎನಾಮಲ್ ಇನ್ನಷ್ಟು ಸವೆಯುತ್ತದೆ. ಬಾಯಿಯನ್ನು ನೀರಿನಲ್ಲಿ, ಸಾಧ್ಯವಾದರೆ ಚಿಟಿಕೆ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಮುಕ್ಕಳಿಸಿ, ಸ್ವಲ್ಪ ಹೊತ್ತಾದ ಮೇಲೆ ಉಜ್ಜಿ. ಎಲ್ಲಕ್ಕಿಂತ ಮುಖ್ಯ, ಪೊಟ್ಯಾಸಿಯಂ ಪರೀಕ್ಷೆಯನ್ನು ನಾಳೆಯೇ ಮಾಡಿಸಿ. ಅದು ಇಳಿದರೆ ಹೃದಯದ ಲಯ ತಪ್ಪುತ್ತದೆ, ಮುನ್ಸೂಚನೆ ಕೊಟ್ಟೇ ತಪ್ಪುತ್ತದೆ ಎಂದಿಲ್ಲ. ಎದೆ ಡವಗುಟ್ಟುವುದು, ಕಾಲಿನ ಸೆಳೆತ, ವಾಂತಿಯಲ್ಲಿ ರಕ್ತ ಕಂಡರೆ ರಾತ್ರಿಯಾಗಿದ್ದರೂ ತುರ್ತು ವಿಭಾಗಕ್ಕೆ ಹೋಗಬೇಕು.

ಈಗ ನಿಮ್ಮ ಪತ್ರದ ಮೂರನೆಯ ವಾಕ್ಯಕ್ಕೆ ಬರುತ್ತೇನೆ. ಹಗಲೆಲ್ಲ ಬರೀ ಕಾಫಿ ಎಂದಿದ್ದೀರಿ. ರಾತ್ರಿಯ ಕಥೆ ಬೆಳಿಗ್ಗೆಯೇ ಶುರುವಾಗಿರುವುದು ಕಾಣಿಸುತ್ತಿದೆಯೇ? ಹತ್ತು ಹನ್ನೆರಡು ಗಂಟೆ ಹಸಿದ ದೇಹ ರಾತ್ರಿ ಸಿಕ್ಕಿದ್ದನ್ನೆಲ್ಲ ಕಬಳಿಸುವುದು ನಿಮ್ಮ ಮನೋಬಲದ ಕೊರತೆಯಿಂದಲ್ಲ. ತಿಂದೆನಲ್ಲ ಎಂಬ ನಾಚಿಕೆಯಲ್ಲಿ ವಾಂತಿ, ಅದರ ಪ್ರಾಯಶ್ಚಿತ್ತವೆಂದು ಮರುದಿನ ಮತ್ತೆ ಉಪವಾಸ, ಮತ್ತೆ ರಾತ್ರಿ. ಈ ಸುತ್ತನ್ನು ರಾತ್ರಿಯ ತುದಿಯಲ್ಲಿ ಹಿಡಿದು ನಿಲ್ಲಿಸಲು ಎಲ್ಲರೂ ಹೆಣಗುತ್ತಾರೆ, ಸೋಲುತ್ತಾರೆ. ಬೆಳಗಿನ ತುದಿಯಲ್ಲಿ ಹಿಡಿಯಿರಿ. ಎಂಟಕ್ಕೆ ಪಿಜಿಯ ಉಪ್ಪಿಟ್ಟು, ಹನ್ನೊಂದಕ್ಕೆ ಬಾಳೆಹಣ್ಣು, ಒಂದೂವರೆಗೆ ಕಚೇರಿಯ ಊಟ, ಸಂಜೆ ಕಡಲೆಕಾಯಿಯೋ ಮಸಾಲೆ ಮಂಡಕ್ಕಿಯೋ, ಎಂಟಕ್ಕೆ ರಾತ್ರಿಯ ಊಟ. ಮೂರರಿಂದ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬೇಡಿ. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಎಂಟರ ಉಪ್ಪಿಟ್ಟು ತಪ್ಪಬಾರದು. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬುತ್ತದೆ, ತೂಕ ಅತ್ತಿತ್ತ ಆಗುತ್ತದೆ, ದಪ್ಪಗಾದೆ ಎಂಬ ಭಯ ಕಾಡುತ್ತದೆ. ಆ ಭಯವನ್ನು ಒಬ್ಬರೇ ಎದುರಿಸಬೇಕಾಗಿಲ್ಲ, ಅದಕ್ಕೇ ಚಿಕಿತ್ಸೆ ಇರುವುದು.

ಬುಲಿಮಿಯಾಕ್ಕೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಫೇರ್‌ಬರ್ನ್ ಇದನ್ನು ತಿನ್ನುವ ಕಾಯಿಲೆಗಳಿಗೆಂದೇ ಹೊಂದಿಸಿ ಬೆಳೆಸಿದರು. ಸುಮಾರು 20 ಭೇಟಿಗಳ ಕ್ರಮ. ತಿಂದದ್ದನ್ನು ಮತ್ತು ಆಗಿನ ಮನಸ್ಥಿತಿಯನ್ನು ಆಗಿಂದಾಗಲೇ ಬರೆದಿಡುವುದರಿಂದ ಅದು ಶುರುವಾಗುತ್ತದೆ. ಜೊತೆಗೆ ಮನೋವೈದ್ಯರು ಫ್ಲುಯಾಕ್ಸೆಟಿನ್ ಎಂಬ ಮಾತ್ರೆ ಕೊಡಬಹುದು, ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ವೈದ್ಯರ ಮುಂದೆ ವಾಂತಿಯ ವಿಷಯವನ್ನು ದಯವಿಟ್ಟು ಮುಚ್ಚಿಡಬೇಡಿ. ಬೇಸರ, ನಿದ್ದೆ ಇಲ್ಲ ಎಂದಷ್ಟೇ ಹೇಳಿದರೆ ಅವರು ಬುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆ ಬರೆದುಕೊಡಬಹುದು. ಬುಲಿಮಿಯಾ ಇರುವವರಿಗೆ ಅದರಿಂದ ಫಿಟ್ಸ್ ಬರುವ ಅಪಾಯವಿದೆ, ಕೊಡುವಂತಿಲ್ಲ. ದಂತವೈದ್ಯರಿಗೂ ಹೇಳಿ. ಅವರು ಇದನ್ನು ಮೊದಲ ಸಲ ನೋಡುತ್ತಿರುವುದಿಲ್ಲ.

ನಿಮ್ಮ ಪಿಜಿಯಲ್ಲಿ ನಂಬುವಂಥ ಒಬ್ಬ ಗೆಳತಿ ಇದ್ದರೆ ರಾತ್ರಿಯ ಊಟವನ್ನು ಅವಳ ಜೊತೆ ಮಾಡಿ. ಕಾರಣ ಹೇಳಲೇಬೇಕೆಂದಿಲ್ಲ.

ನಾನು ಐವತ್ತು ವರ್ಷದಿಂದ ಏಕಾದಶಿ ಮಾಡುತ್ತಿದ್ದೇನೆ. ನಿಮ್ಮ ಬರಹ ಓದಿದ ಸೊಸೆ, ಮಾವ, ನಿಮಗೂ ಈ ಕಾಯಿಲೆ ಇದೆಯೇನೋ ಎನ್ನುತ್ತಿದ್ದಾಳೆ.
— ನಿವೃತ್ತ ಶಿಕ್ಷಕರು, ಬಸವನಗುಡಿ

ಇಲ್ಲ. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕೂತು ನೆಮ್ಮದಿಯಿಂದ ಊಟ ಮಾಡುತ್ತೀರಲ್ಲ, ಅದೇ ಉತ್ತರ. ಏಕಾದಶಿ, ರಂಜಾನ್, ಪರ್ಯೂಷಣ ಯಾವುದೇ ಇರಲಿ, ವ್ರತಕ್ಕೆ ಶುರು ಇದೆ, ಕೊನೆ ಇದೆ. ಮುಗಿದ ಮೇಲೆ ಊಟದ ಭಯ ಉಳಿಯುವುದಿಲ್ಲ. ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಉಪವಾಸದ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಆದರೆ ನಿಮ್ಮ ಸೊಸೆ ಕೇಳಿದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ಹದಿಹರೆಯದವರು ಇದ್ದಕ್ಕಿದ್ದಂತೆ ಸೋಮವಾರ, ಗುರುವಾರ, ಸಂಕಷ್ಟಿ ಎಂದು ಒಂದೊಂದಾಗಿ ವ್ರತ ಕೂಡಿಸುತ್ತ ಹೋದರೆ, ವ್ರತ ಮುಗಿದರೂ ತಟ್ಟೆಯ ಹತ್ತಿರ ಬಾರದಿದ್ದರೆ, ಗಮನವಿಡಿ. ನಮ್ಮ ದೇಶದ ರೋಗಿಗಳಲ್ಲಿ ಹಲವರು ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ಸೇರುವುದಿಲ್ಲ, ವ್ರತ ಎನ್ನುತ್ತಾರೆ. ಹಾಂಗ್‌ಕಾಂಗಿನ ವೈದ್ಯರೂ ಇಂಥದ್ದನ್ನೇ ದಾಖಲಿಸಿದ್ದಾರೆ. ತೆಳ್ಳಗಾಗಬೇಕು ಎಂದು ಹೇಳಲಿಲ್ಲ, ಆದ್ದರಿಂದ ಅನೊರೆಕ್ಸಿಯಾ ಅಲ್ಲ ಎಂದು ತಳ್ಳಿಹಾಕಿ ಹೊಟ್ಟೆಯ ಎಂಡೋಸ್ಕೋಪಿಗಳಲ್ಲೇ ವರ್ಷ ಕಳೆಯುವ ಮಕ್ಕಳ ಬಗ್ಗೆ ನನಗೆ ತುಂಬ ಸಂಕಟವಾಗುತ್ತದೆ.

ತಮ್ಮನಿಗೆ 21. ರಾಜಾಜಿನಗರದ ಜಿಮ್‌ಗೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹೋಗುತ್ತಾನೆ. ಮೈ ಹುರಿಗಟ್ಟಿದೆ, ಆದರೂ ನಾನು ಸಣಕಲ ಎನ್ನುತ್ತಾನೆ. ಅಕ್ಕನ ಮದುವೆಯ ಊಟಕ್ಕೂ ಕೂರಲಿಲ್ಲ. ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ, ಪುಡಿ. ಹುಡುಗರಿಗೂ ಇದು ಬರುತ್ತದೆಯೇ?

ಬರುತ್ತದೆ. ಹುಡುಗರಲ್ಲಿ ಎಷ್ಟೋ ಸಲ ಇದು ತೆಳ್ಳಗಾಗುವ ಹಂಬಲವಾಗಿ ಕಾಣಿಸದೆ ಹುರಿಗಟ್ಟುವ ಹಂಬಲವಾಗಿ ಕಾಣಿಸುತ್ತದೆ. ಎಷ್ಟು ಬೆಳೆದರೂ ತಾನು ಸಣಕಲನೆಂದೇ ಕಾಣುವ ಸ್ಥಿತಿಗೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ. ಜಿಮ್‌ಗೆ ಹೋಗುವುದು ಕಾಯಿಲೆಯಲ್ಲ. ಜ್ವರ ಬಂದಾಗಲೂ, ಕೀಲು ನೋಯುವಾಗಲೂ ಹೋಗುವುದು, ಒಂದು ದಿನ ತಪ್ಪಿದರೆ ಚಡಪಡಿಸುವುದು, ಅಕ್ಕನ ಮದುವೆಯ ಪಂಕ್ತಿಯಲ್ಲೂ ಕೂರಲಾರದಿರುವುದು ಕಾಯಿಲೆಯ ಗುರುತು. ಯಾವ ಪುಡಿ, ಯಾವ ಚುಚ್ಚುಮದ್ದು ಎಂದು ಒಮ್ಮೆ ಮೆಲ್ಲಗೆ ಕೇಳಿ. ತರಬೇತುದಾರರ ಕೈಯಿಂದ ಕೈಗೆ ಸಾಗುವ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಹೃದಯ, ಯಕೃತ್ತು, ವೀರ್ಯೋತ್ಪತ್ತಿ ಎಲ್ಲವನ್ನೂ ಕೆಡಿಸುತ್ತದೆ. ಬಿಡುವಾಗಲೂ ಖಿನ್ನತೆ ಕಾಡಬಹುದು, ಹಾಗಾಗಿ ವೈದ್ಯರ ನೆರವಿನಿಂದಲೇ ಬಿಡಬೇಕು. ‘ದಪ್ಪಗಾದೆ’, ‘ಸಣ್ಣಗಾದೆ’, ‘ಚೆನ್ನಾಗಿ ಕಾಣುತ್ತೀಯ’ ಎಂಬ ಮೂರು ಮಾತುಗಳನ್ನೂ ಮನೆಯಲ್ಲಿ ನಿಲ್ಲಿಸಿ. ಮದುವೆಯ ಊಟಕ್ಕೆ ನೀನು ಕೂರದೆ ಹೋದದ್ದರಿಂದ ನಮಗೆ ನೋವಾಯಿತು, ನಿನ್ನ ಬಗ್ಗೆ ಚಿಂತೆಯಾಗಿದೆ ಎಂದು ಹೇಳಿ.

46 ವರ್ಷದ ಗೃಹಿಣಿ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತೇನೆ. ತಣ್ಣಗಿನ ಅನ್ನ, ಮಕ್ಕಳ ಬಿಸ್ಕತ್ತು, ಹಬ್ಬದ ಹೋಳಿಗೆ, ಹೊಟ್ಟೆ ಬಿರಿಯುವವರೆಗೆ. ವಾಂತಿ ಮಾಡುವುದಿಲ್ಲ. ತೂಕ ಏರಿದೆ. ಕೀಟೊ ಮಾಡಿದೆ, ರಾತ್ರಿಯೂಟ ಬಿಟ್ಟೆ, ಪುಡಿ ಕುಡಿದೆ. ಮನೆಯವರು ನಾಲಿಗೆ ಚಪಲ ಎಂದು ಆಡಿಕೊಳ್ಳುತ್ತಾರೆ.
— ಯಲಹಂಕ

ಆಡಿಕೊಳ್ಳುವವರಿಗೆ ಈ ಉತ್ತರವನ್ನು ಓದಲು ಕೊಡಿ. ಇದು ಬಿಂಜ್ ಈಟಿಂಗ್ ಡಿಸಾರ್ಡರ್. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 2013ರಿಂದ ಪ್ರತ್ಯೇಕ ಕಾಯಿಲೆಯೆಂದೇ ದಾಖಲಾಗಿದೆ. ನಾಲಿಗೆ ಚಪಲದವರು ರುಚಿಯಾದದ್ದನ್ನು ನಾಲ್ಕು ಜನರ ಜೊತೆ ಸಂತೋಷದಿಂದ ತಿನ್ನುತ್ತಾರೆ. ತಣ್ಣಗಿನ ಅನ್ನವನ್ನು ಕತ್ತಲೆಯಲ್ಲಿ ನಿಂತು ಕಣ್ಣೀರಿನ ಜೊತೆ ತಿನ್ನುವುದರಲ್ಲಿ ಯಾವ ಚಪಲವಿದೆ?

ನಿಮಗೆ ಹೊಸ ಡಯಟ್ ಬೇಡ. ಇದುವರೆಗಿನ ಡಯಟ್‌ಗಳೇ ಈ ರಾತ್ರಿಗಳನ್ನು ಬೆಳೆಸಿವೆ. ಬೆಳಿಗ್ಗೆ ಎಲ್ಲರಿಗೂ ದೋಸೆ ಹುಯ್ದುಕೊಟ್ಟು ನೀವು ಹನ್ನೊಂದಕ್ಕೆ ಮಿಕ್ಕದ್ದನ್ನು ತಿನ್ನುವವರೆಂದು ನನ್ನ ಊಹೆ. ಎಲ್ಲರ ಜೊತೆ ತಟ್ಟೆ ಹಾಕಿಕೊಂಡು ಕೂತು ತಿನ್ನಿ. ರಾತ್ರಿಯ ಊಟಕ್ಕೂ ಕೂತು, ಎರಡನೆಯ ಸಲ ಬಡಿಸಿಕೊಂಡು, ಹೊಟ್ಟೆ ತುಂಬ. ಕೆಲವು ವಾರಗಳಲ್ಲಿ ಮಧ್ಯರಾತ್ರಿಯ ಸೆಳೆತ ಸಡಿಲವಾಗತೊಡಗುತ್ತದೆ. ಉಳಿದ ಸೆಳೆತದ ಹಿಂದೆ ಒಂಟಿತನವಿದೆಯೇ, ಸಿಟ್ಟಿದೆಯೇ, ದುಃಖವಿದೆಯೇ ಎಂದು ನೋಡುವುದು ಮಾತಿನ ಚಿಕಿತ್ಸೆಯ ಕೆಲಸ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ನೋಡಿಸಿಕೊಳ್ಳಿ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದನ್ನು ಯಾರಾದರೂ ಸೂಚಿಸಿದರೆ, ರಾತ್ರಿಯ ವಿಷಯ ಹೇಳದೆ ಶುರು ಮಾಡಬೇಡಿ.

ನಾನು ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಗಾರ. ಮಗನಿಗೆ 14, ಊಟ ಬಿಟ್ಟು ಕಡ್ಡಿಯಾಗಿದ್ದಾನೆ. ಇದು ಶ್ರೀಮಂತರ ಕಾಯಿಲೆ, ನಮ್ಮಂಥವರಿಗಲ್ಲ ಎನ್ನುತ್ತಾರೆ ನಮ್ಮಣ್ಣ. ನಿಮ್ಹಾನ್ಸ್‌ಗೆ ಹೋಗೋಣವೆಂದರೆ ಹುಚ್ಚನೆಂಬ ಹೆಸರು ಬರುತ್ತದೆಂದು ಹೆಂಡತಿ ಅಳುತ್ತಾಳೆ. ಖರ್ಚು ಎಷ್ಟಾದೀತು?

ನಿಮ್ಮಣ್ಣನ ಮಾತು ತಪ್ಪು. ಶ್ರೀಮಂತರ ಮಕ್ಕಳು ವೈದ್ಯರವರೆಗೆ ಬೇಗ ತಲುಪುತ್ತಾರೆ, ಅಷ್ಟೇ. ನಮ್ಮ ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಮಾಡಿದ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ತಿನ್ನುವ ಕಾಯಿಲೆಯವರನ್ನು ತಾವು ನೋಡಿದ್ದೇವೆ ಎಂದಿದ್ದರು.

ಹೊಸೂರು ರಸ್ತೆಯ ನಿಮ್ಹಾನ್ಸ್ ಕೇಂದ್ರ ಸರ್ಕಾರದ ಸಂಸ್ಥೆ. ಮಕ್ಕಳು ಮತ್ತು ಹದಿಹರೆಯದವರಿಗೆ ಅಲ್ಲಿ ಬೇರೆಯೇ ಮನೋವೈದ್ಯಕೀಯ ವಿಭಾಗವಿದೆ. ಖಾಸಗಿ ಆಸ್ಪತ್ರೆಯ ಖರ್ಚಿಗೆ ಹೋಲಿಸಿದರೆ ಅಲ್ಲಿಯದು ಬಹಳ ಕಡಿಮೆ. ಬಡತನ ರೇಖೆಗಿಂತ ಕೆಳಗಿನ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಹಿಡಿಯುತ್ತದೆ, ಡಬ್ಬಿ ಕಟ್ಟಿಕೊಂಡೇ ಹೋಗಿ. ಹೊರಡುವ ಮುಂಚೆ ಒಬ್ಬರ ಜೊತೆ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾರ್ಖಾನೆಯಲ್ಲಿ ನಿಮಗೆ ಇಎಸ್‌ಐ ಇದ್ದರೆ ಅಲ್ಲೂ ವಿಚಾರಿಸಿ. ಆರೋಗ್ಯ ವಿಮೆ ಇರುವ ಉಳಿದ ಓದುಗರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಹೇಳುತ್ತದೆ. ಕ್ಲೇಮು ತಿರಸ್ಕರಿಸಿದರೆ ಸುಮ್ಮನಾಗಬೇಡಿ, ಲಿಖಿತ ಕಾರಣ ಕೇಳಿ.

ನಿಮ್ಮ ಹೆಂಡತಿಯ ಭಯ ನನಗೆ ಅರ್ಥವಾಗುತ್ತದೆ. ನಿಮ್ಹಾನ್ಸ್‌ಗೆ ತಲೆನೋವಿನವರು, ಫಿಟ್ಸ್‌ನವರು, ಪಾರ್ಶ್ವವಾಯುವಿನವರು ದಿನವೂ ಬರುತ್ತಾರೆ ಎಂದು ಹೇಳಿ ಜೊತೆಗೆ ಕರೆದೊಯ್ಯಿರಿ. ಅವರಿಲ್ಲದೆ ಮಗನ ಚಿಕಿತ್ಸೆ ನಡೆಯದು. ಊಟ ಬಿಡಲು ಕ್ಷಯ, ಕರುಳಿನ ಕಾಯಿಲೆ, ಮಧುಮೇಹ ಕೂಡ ಕಾರಣವಿರಬಹುದಾದ್ದರಿಂದ ಆ ಪರೀಕ್ಷೆಗಳೂ ಆಗಬೇಕು. ಹೆಚ್ಚಿನವರು ಗುಣವಾಗುತ್ತಾರೆಯೇ ಎಂದೂ ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಬೇಗ ಚಿಕಿತ್ಸೆಗೆ ಬಂದ ಮಕ್ಕಳಲ್ಲಿ ಗುಣವಾಗುವವರು ಬಹಳ ಮಂದಿ. ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷಗಳು, ನಡುವೆ ಹಿಂದೆ ಬೀಳುವುದೂ ಇದೆ. ಹಿಂದೆ ಬಿದ್ದರೆ ಚಿಕಿತ್ಸೆ ಸೋತಿತೆಂದು ನಿಲ್ಲಿಸಬೇಡಿ.

ನಾನು ಪ್ರೌಢಶಾಲಾ ಶಿಕ್ಷಕಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಡಬ್ಬಿ ದಿನವೂ ತುಂಬಿಯೇ ಮನೆಗೆ ಹೋಗುತ್ತಿದೆ. ನಾನು ಏನು ಮಾಡಲಿ?
— ಜಯನಗರ

ಮೊದಲು ಮಾಡಬಾರದ್ದು. ತರಗತಿಯ ಮುಂದೆ ಕೇಳಬೇಡಿ, ಕೂತು ತಿನ್ನಿಸಬೇಡಿ. ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗುವ ಪದ್ಧತಿ ನಿಮ್ಮ ಶಾಲೆಯಲ್ಲಿದ್ದರೆ, ಕೈಮುಗಿದು ಕೇಳುತ್ತೇನೆ, ಅದನ್ನು ನಿಲ್ಲಿಸಿ. ಅಂದು ಕೂಗಿದ ಅಂಕಿಯನ್ನು ವರ್ಷಗಳ ನಂತರವೂ ಮರೆಯದೆ ನನ್ನೆದುರು ಹೇಳುವವರಿದ್ದಾರೆ. ಕ್ಯಾಲೊರಿ ಎಣಿಸಿ ಬರೆದು ತರುವ ಪ್ರಾಜೆಕ್ಟ್ ಕೂಡ ಬೇಡ.

ಆಮೇಲೆ ಅವಳನ್ನು ಒಬ್ಬಳನ್ನೇ, ಯಾರೂ ಕೇಳಿಸಿಕೊಳ್ಳದ ಕಡೆ ಕರೆದು ಮಾತಾಡಿ. ತೂಕದ ಸುದ್ದಿ ಎತ್ತದೆ, ಕಂಡದ್ದನ್ನಷ್ಟೇ ಹೇಳಿ: ‘ಈಚೆಗೆ ನೀನು ಊಟದ ಹೊತ್ತಿನಲ್ಲಿ ಒಬ್ಬಳೇ ಗ್ರಂಥಾಲಯಕ್ಕೆ ಹೋಗುತ್ತಿದ್ದೀಯ. ಕ್ಲಾಸಿನಲ್ಲಿ ಸುಸ್ತಾಗಿರುತ್ತೀಯ. ನನಗೆ ಚಿಂತೆಯಾಗಿದೆ.’ ಏನೂ ಇಲ್ಲ ಮಿಸ್ ಎಂದು ಅವಳು ಹೇಳುತ್ತಾಳೆ. ಹೇಳಲಿ. ವಾದ ಬೇಡ, ಮುಂದಿನ ವಾರ ಮತ್ತೆ ಕೇಳುತ್ತೇನೆ ಎಂದು ತಿಳಿಸಿ, ಕೇಳಿ. ಯಾರಿಗೂ ಹೇಳುವುದಿಲ್ಲ ಎಂಬ ಮಾತು ಮಾತ್ರ ಕೊಡಬೇಡಿ, ಏಕೆಂದರೆ ತಂದೆತಾಯಿಗೆ ಹೇಳಲೇಬೇಕಾಗುತ್ತದೆ. ಯಾರಾದರೂ ಅವಳನ್ನು ದಪ್ಪಗಿದ್ದಾಳೆಂದು ರೇಗಿಸುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಡಬ್ಬಿ ತುಂಬಿ ಹೋದ ದಿನಗಳು, ಆಟದ ಮೈದಾನದಲ್ಲಿ ತಲೆಸುತ್ತಿ ಕೂತ ದಿನಗಳು, ಊಟವಾದೊಡನೆ ಶೌಚಾಲಯಕ್ಕೆ ಓಡಿದ ದಿನಗಳು, ಇವನ್ನು ತಾರೀಕಿನ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ತಂದೆತಾಯಿಯನ್ನು ಕರೆಸಿದಾಗ ಅವರ ಕೈಗೆ ಕೊಡಿ. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನೂ ಒಯ್ಯಲು ಹೇಳಿ. ಮನೆಯವರಿಗೆ ಕಾಣದ ಮಧ್ಯಾಹ್ನದ ಹೊತ್ತು ಅದರಲ್ಲಿರುತ್ತದೆ.